ವರ್ಲ್ ಹ್ಯಾಡ್ಲಾಕನ ಮುಷ್ಟಿ

ಹ್ಯಾಲ್ಸಿ ಫೋರ್ಕಿನಲ್ಲಿ ವರ್ಲ್ ಹ್ಯಾಡ್ಲಾಕನ ಬಗ್ಗೆ ಬರೆಯುವ ಯೋಗ್ಯತೆ ಯಾರಿಗಿಲ್ಲ ಎಂದು ಕೇಳಿದರೆ ಊರಿನವರು ಮೊದಲು ನನ್ನ ಹೆಸರನ್ನೇ ಹೇಳುತ್ತಾರೆ. ಸರಿಯಾಗಿಯೇ ಹೇಳುತ್ತಾರೆ. ಆದರೂ ಬರೆಯುತ್ತಿದ್ದೇನೆ. ಅವನ ಬಗ್ಗೆ ಇದುವರೆಗೆ ಊರಿನ ಕಣ್ಣಿಗೆ ಬಿದ್ದದ್ದು ಎರಡೇ ಬರಹ. ಎರಡೂ ನನ್ನವೇ. ಮೊದಲನೆಯದು ಸುಳ್ಳು, ಎರಡನೆಯದು ಆರು ವರ್ಷ ತಡ. ಹಾಗಾಗಿ ಮೂರನೆಯದನ್ನು ಅವಸರವಿಲ್ಲದೆ ಬರೆಯುವುದೆಂದು ಕೂತಿದ್ದೇನೆ.

ವರ್ಲ್ ಹುಟ್ಟಿ ಬೆಳೆದದ್ದು ಐಡಹೋದ ಈ ಊರಿನಲ್ಲೇ. ಮರದ ಮಿಲ್ಲು ಮುಚ್ಚುವ ತನಕ ಇಪ್ಪತ್ತೆಂಟು ವರ್ಷ ಗರಗಸದ ಮುಂದೆ ನಿಂತು ಕಿವಿ ಅರ್ಧ ಹೋಗಿದೆ. ಅದರಿಂದಾಗಿ ಮಾತು ಜೋರು. ಊಟಕ್ಕೆ ಕೂತು ಉಪ್ಪು ಕೇಳಿದರೂ ಪಕ್ಕದ ಮನೆಯವರು ತಿರುಗಿ ನೋಡಬೇಕು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮಿಲ್ಲಿನ ಅಂಗಳದಲ್ಲಿ ಆರ್ವಿಲ್ ಟಾಲ್ಮನ್ ಎಂಬವನ ದವಡೆ ಮುರಿದು ಅರವತ್ತು ದಿನ ಜೈಲಿನಲ್ಲಿದ್ದು ಬಂದ. ಜಗಳ ಯಾತಕ್ಕೆ ಆಯಿತೆಂಬುದು ಈಗ ಇಬ್ಬರಿಗೂ ನೆನಪಿಲ್ಲ. ದವಡೆ ಮುರಿಸಿಕೊಂಡ ಆರ್ವಿಲ್ ಇವತ್ತಿಗೂ ಇವನ ಜೊತೆಯಲ್ಲೇ ಬೇಟೆಗೆ ಹೋಗುತ್ತಾನೆ, ಇವನ ಗ್ಯಾರೇಜಿನಲ್ಲೇ ಕೂತು ಹರಟೆ ಹೊಡೆಯುತ್ತಾನೆ. ಆದರೆ ಆ ಅರವತ್ತು ದಿನ ಊರಿನ ಬಾಯಿಂದ ಹೋಗಲಿಲ್ಲ. ಸಣ್ಣ ಊರಿಗೆ ನೆನಪು ದೊಡ್ಡದು.

ಜೈಲಿನಿಂದ ಬಂದ ಮೇಲೆ ಶಾಲೆಯ ಪುಸ್ತಕ ಭಂಡಾರ ನೋಡಿಕೊಳ್ಳುತ್ತಿದ್ದ ನೆಡ್ರಾಳನ್ನು ಮದುವೆಯಾಗುವೆಯಾ ಎಂದು ಕೇಳಿದ. ಅವಳ ಅಪ್ಪ ಹೊಡೆಯುವವನು. ಅವಳ ಅಮ್ಮ ಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿ ಹಾಕುತ್ತಿದ್ದವಳು. ನೆಡ್ರಾ ನೇರವಾಗಿ ಹೇಳಿದಳಂತೆ: "ಕೈ ಎತ್ತೋ ಗಂಡಸಿನ ಮನೇಲಿ ಹುಟ್ಟಿ ಬೆಳೆದಿದೀನಿ ವರ್ಲ್. ಇನ್ನೊಂದು ಅಂಥ ಮನೆ ನಂಗೆ ಬೇಡ. ನಿನ್ನ ಕೈ ಇನ್ಮೇಲೆ ಯಾರ ಮೇಲೂ ಏಳಲ್ಲ ಅನ್ನೋದಾದ್ರೆ ಆಗ್ತೀನಿ, ಇಲ್ಲಾಂದ್ರೆ ಇಲ್ಲ." ವರ್ಲ್ ಮಾತು ಕೊಟ್ಟ. ನಾನು ಅವನ ಬಗ್ಗೆ ಮೊದಲ ಸಲ ಬರೆದ ದಿನಕ್ಕೆ ಆ ಮಾತಿಗೆ ನಲವತ್ತೊಂದು ವರ್ಷ ತುಂಬಿತ್ತು. ಒಂದು ಸಲವೂ ತಪ್ಪಿರಲಿಲ್ಲ.

ಮಿಲ್ಲು ಮುಚ್ಚಿದ ಮೇಲೆ ಅವನು ಊರಿನವರ ಸ್ಲೆಡ್ ರಿಪೇರಿ ಮಾಡಿಕೊಂಡಿದ್ದ. ಹಿಮದ ಮೇಲೆ ಓಡುವ ಮೋಟಾರು ಬಂಡಿಗೆ ಇಲ್ಲಿ ಎಲ್ಲರೂ ಸ್ಲೆಡ್ ಎನ್ನುವುದೇ ರೂಢಿ. ಅವನದು ಕಿತ್ತಳೆ ಬಣ್ಣದ ಹಳೆಯ ಸ್ಲೆಡ್ಡು. ನೆಡ್ರಾಳ ಸೊಂಟದ ಕೀಲು ಸವೆದು ನಡೆಯುವುದು ಕಷ್ಟವಾದಾಗ ಹಿಂಬದಿಗೆ ಒಂದು ಕುರ್ಚಿ ಕೂರಿಸಿ, ಹಿಡಿದುಕೊಳ್ಳಲು ಕಂಬಿ ಹಾಕಿ, ಮೇಲೆ ಕುರಿಯ ಉಣ್ಣೆ ಹೊದಿಸಿದ. ಪ್ರತಿ ಶನಿವಾರ ಅವಳನ್ನು ಕೂರಿಸಿಕೊಂಡು ಸಾರೆಲ್ ತೊರೆಯ ರಸ್ತೆ ಹಿಡಿದು ಏಳು ಮೈಲಿ ಮೇಲೆ, ಬಿಸಿನೀರಿನ ಬುಗ್ಗೆಯ ತನಕ ಹೋಗುತ್ತಿದ್ದ. ಸುತ್ತ ಆಳೆತ್ತರದ ಹಿಮ, ನಡುವೆ ಆ ಬಿಸಿ ನೀರು. ಅದರಲ್ಲಿ ಒಂದು ಗಂಟೆ ಕೂತರೆ ನೆಡ್ರಾಳಿಗೆ ಮೂರು ದಿನ ನೋವಿರುತ್ತಿರಲಿಲ್ಲ. ಹೋಗುವಾಗ ಸ್ಲೆಡ್ಡಿನ ಹಿಂದೆ ಹಳೇ ಕಬ್ಬಿಣದ ಮಂಚದ ಸ್ಪ್ರಿಂಗಿನ ಚೌಕಟ್ಟು ಕಟ್ಟಿ ಎಳೆದುಕೊಂಡು ಹೋಗುತ್ತಿದ್ದ. ಅದು ರಸ್ತೆಯ ಹಿಮವನ್ನು ತಟ್ಟಿ ಸಮ ಮಾಡುತ್ತಿತ್ತು. ಆ ಸಮ ದಾರಿಯ ಮೇಲೆ ನಾವು, ಅಂದರೆ ಸ್ಕೀ ಕಟ್ಟಿಕೊಂಡು ಕಾಲಿನಲ್ಲಿ ಜಾರುವವರು, ಹಾಯಾಗಿ ಹೋಗುತ್ತಿದ್ದೆವು. ಅದು ತನ್ನಷ್ಟಕ್ಕೆ ಸಮವಾಗಿದೆ ಎಂದುಕೊಂಡಿದ್ದೆವು.

ಇನ್ನು ಮುಷ್ಟಿಯ ಸಂಗತಿ. ಸ್ಲೆಡ್ಡಿನವರಲ್ಲಿ ಒಂದು ಪದ್ಧತಿಯಿದೆ. ಇಕ್ಕಟ್ಟಿನ ದಾರಿಯಲ್ಲಿ ಎದುರಿನಿಂದ ಯಾರಾದರೂ ಬಂದರೆ ಮುಂದಿನವನು ಎಡಗೈ ಎತ್ತಿ, ತನ್ನ ಹಿಂದೆ ಎಷ್ಟು ಜನ ಇದ್ದಾರೋ ಅಷ್ಟು ಬೆರಳು ತೋರಿಸುತ್ತಾನೆ. ಇಬ್ಬರಿದ್ದರೆ ಎರಡು. ಅವನ ಹಿಂದಿನವನು ಒಂದು. ಕಟ್ಟಕಡೆಯವನು ಬೆರಳು ಮಡಚಿ ಮುಷ್ಟಿ ತೋರಿಸುತ್ತಾನೆ. ಮುಷ್ಟಿ ಎಂದರೆ ನನ್ನ ಹಿಂದೆ ಯಾರೂ ಇಲ್ಲ, ದಾರಿ ಖಾಲಿ, ಧೈರ್ಯವಾಗಿ ಹೋಗಿ ಎಂದರ್ಥ. ಇದು ಸ್ಲೆಡ್ಡಿನವರು ಸ್ಲೆಡ್ಡಿನವರಿಗೆ ತೋರಿಸುವ ಲೆಕ್ಕ. ಸ್ಕೀಯವರಿಗೂ ತೋರಿಸಬೇಕೆಂದು ಸ್ಲೆಡ್ಡಿನವರ ಕ್ಲಬ್ಬಿನಲ್ಲಿ ಹಟ ಹಿಡಿದವನು ವರ್ಲ್. ಉದ್ದ ಚಪ್ಪಲಿಯವರಿಗೆ ನಮ್ಮ ಲೆಕ್ಕ ಯಾಕೆ ಎಂದು ಆರ್ವಿಲ್ ನಕ್ಕನಂತೆ. ಉದ್ದ ಚಪ್ಪಲಿ ಎಂದರೆ ನಾವು. ನಾವು ಅವರನ್ನು ಹೊಗೆಬಂಡಿ ಎನ್ನುತ್ತಿದ್ದೆವು, ಅಲ್ಲಿಗಲ್ಲಿಗೆ ಸರಿಹೋಯಿತು. "ಅವ್ರಿಗೇ ಹೆಚ್ಚು ಬೇಕು ಕಣಯ್ಯ," ಎಂದನಂತೆ ವರ್ಲ್, "ತಿರುವಿನಾಚೆ ಇನ್ನೊಂದು ಬರ್ತಿದೆಯೋ ಇಲ್ವೋ ಅಂತ ಬರೀ ಕಾಲ ಮೇಲೆ ನಿಂತು ಹೆದರೋರು ಅವ್ರು." ಆವತ್ತಿನಿಂದ ಕ್ಲಬ್ಬಿನವರು ನಮಗೂ ಬೆರಳು ತೋರಿಸತೊಡಗಿದರು. ಅದರ ಅರ್ಥ ಏನೆಂದು ನಮಗೆ ಹೇಳಬೇಕೆಂಬುದು ಅವರಲ್ಲಿ ಯಾರಿಗೂ ಹೊಳೆಯಲಿಲ್ಲ. ಕೇಳಬೇಕೆಂದು ನಮಗೂ ಹೊಳೆಯಲಿಲ್ಲ.

ನನ್ನ ಹೆಸರು ರೋವೆನಾ ಪೈಕ್. ಪೋರ್ಟ್‌ಲೆಂಡಿನ ಒಂದು ಅಚ್ಚುಮನೆಯಲ್ಲಿ ಮೂವತ್ತು ವರ್ಷ ಕರಡು ತಿದ್ದುವ ಕೆಲಸ ಮಾಡಿದವಳು. ಬೇರೆಯವರ ತಪ್ಪು ಹುಡುಕಿ ಕೆಂಪು ಗೀಟು ಹಾಕುವುದೇ ಹೊಟ್ಟೆಪಾಡು. ಕೆಲಸ ಬಿಟ್ಟ ಮೇಲೆ ಸದ್ದಿಲ್ಲದ ಜಾಗ ಬೇಕೆಂದು ಇಲ್ಲಿಗೆ ಬಂದೆ. ಬಂದ ಮೊದಲ ಚಳಿಗಾಲ ಯಾರೂ ನನ್ನನ್ನು ಕಾಫಿಗೆ ಕರೆಯಲಿಲ್ಲ. ಎರಡನೆಯ ಚಳಿಗಾಲದಲ್ಲಿ ಸ್ಕೀ ಗುಂಪಿನ ಗ್ರೆಚೆನ್ ಮೋಸ್ ಕರೆದಳು. ಅವಳು ನಿವೃತ್ತ ದಂತವೈದ್ಯೆ. ಮಾತಾಡುವಾಗ ಎದುರಿನವರ ಬಾಯಿ ನೋಡುವ ಅಭ್ಯಾಸ ಹೋಗಿರಲಿಲ್ಲ. ಅವಳ ಅಡುಗೆಮನೆಯಲ್ಲಿ ಕೂತಾಗ ನನಗೂ ಈ ಊರಿನಲ್ಲಿ ಒಂದು ಕುರ್ಚಿ ಸಿಕ್ಕಿತು ಅನ್ನಿಸಿತು. ನಾನು ಮಾಡಿದ್ದಕ್ಕೆಲ್ಲ ಮೂಲ ಆ ಕುರ್ಚಿ. ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಆ ವರ್ಷ ಅರಣ್ಯ ಕಚೇರಿಯವರು ಚಳಿಗಾಲದ ಹೊಸ ನಕ್ಷೆ ಮಾಡಲು ಹೊರಟಿದ್ದರು. ಸರ್ಕಾರಿ ಕಾಡು, ಎಲ್ಲರದೂ ಹೌದು. ಆದರೆ ಎಲ್ಲಿ ಮೋಟಾರು ಓಡಬೇಕು, ಎಲ್ಲಿ ಬರೀ ಕಾಲು ಓಡಬೇಕು ಎಂಬುದಕ್ಕೆ ಗೆರೆ ಎಳೆಯಬೇಕು. ಸ್ಲೆಡ್ಡಿನವರು ಐದು ಜನ, ಸ್ಕೀಯವರು ಐದು ಜನ ಒಂದು ಮೇಜಿನ ಸುತ್ತ ಕೂತು ಮಾತಾಡಲಿ, ಒಮ್ಮತಕ್ಕೆ ಬಂದರೆ ಅದನ್ನೇ ನಕ್ಷೆ ಮಾಡುತ್ತೇವೆ ಎಂದಿದ್ದರು. ಎರಡು ತಿಂಗಳು ಬರೀ ಕೆಸರೆರಚಾಟ. ಸ್ಲೆಡ್ಡಿನ ಹೊಗೆ ನಮ್ಮ ಗಂಟಲಲ್ಲಿ, ನಮ್ಮ ಅಹಂಕಾರ ಅವರ ಗಂಟಲಲ್ಲಿ. ಕೊನೆಗೆ ದಾರಿ ತೋರಿಸಿದವನು ವರ್ಲ್. ತೊರೆಯ ಪೂರ್ವದ ಇಡೀ ಇಳಿಜಾರು, ಅವನು ಚಿಕ್ಕಂದಿನಿಂದ ಸ್ಲೆಡ್ಡು ಓಡಿಸಿದ ಜಾಗ, ಸ್ಕೀಯವರಿಗೆ ಬಿಟ್ಟುಕೊಡೋಣ ಎಂದ. ಪಶ್ಚಿಮ ಸ್ಲೆಡ್ಡಿಗೆ. ಬುಗ್ಗೆಗೆ ಹೋಗುವ ರಸ್ತೆ ಮಾತ್ರ ಇಬ್ಬರಿಗೂ, ಅಲ್ಲಿ ಸ್ಲೆಡ್ಡಿನವರು ನಿಧಾನ ಹೋಗಬೇಕು. ಅವನ ಕಡೆಯವರೇ ಅವನ ಮೇಲೆ ಹರಿಹಾಯ್ದರು. ಆದರೂ ಒಪ್ಪಿಸಿದ. ಆ ಒಂದು ರಸ್ತೆ ಉಳಿದರೆ ಅವನಿಗೆ ಸಾಕಾಗಿತ್ತು, ಯಾಕೆಂದು ಈಗ ಹೇಳಬೇಕಾಗಿಲ್ಲ. ಗ್ರೆಚೆನ್ನಳಿಗೆ ಮಾತ್ರ ರಸ್ತೆಯೂ ಬೇಕಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ ನಾನು ಆ ರಸ್ತೆಯಲ್ಲಿ ಒಬ್ಬಳೇ ಹೋಗುತ್ತಿದ್ದೆ. ತಿರುವಿನಲ್ಲಿ ಸದ್ದು ಕೇಳಿ ಅಂಚಿಗೆ ಸರಿದು ನಿಂತೆ. ಮೊದಲ ಸ್ಲೆಡ್ಡಿನವನು ಎರಡು ಬೆರಳು ಎತ್ತಿ ತೋರಿಸಿ ಹೋದ. ಗೆದ್ದೆವು ಎಂದು ಹಂಗಿಸುತ್ತಿದ್ದಾನೆ ಅಂದುಕೊಂಡೆ. ಎರಡನೆಯವನು ಒಂದು ಬೆರಳು ತೋರಿಸಿದ. ನಡುಬೆರಳೊಂದನ್ನೇ ಎತ್ತಿದರೆ ಇಲ್ಲಿ ಹೊಲಸು ಬೈಗುಳ; ದಪ್ಪ ಕೈಗವಸಿನಲ್ಲಿ ಅದು ಯಾವ ಬೆರಳೆಂದು ಹೇಳಲಾಗುವುದಿಲ್ಲ. ನನಗೆ ಬೇಕಾದ ಬೆರಳನ್ನೇ ನಾನು ನೋಡಿದೆ. ಮೂರನೆಯದು ಕಿತ್ತಳೆ ಬಣ್ಣದ ಸ್ಲೆಡ್ಡು, ಹಿಂಬದಿಯಲ್ಲಿ ಉಣ್ಣೆ ಹೊದಿಸಿದ ಖಾಲಿ ಕುರ್ಚಿ. ಅವನು ನನ್ನ ಹತ್ತಿರ ಬಂದು ವೇಗ ತಗ್ಗಿಸಿದ, ನನ್ನ ಕಡೆ ಮುಖ ತಿರುಗಿಸಿದ, ಎಡಗೈ ಮುಷ್ಟಿ ಎತ್ತಿದ, ಏನೋ ಜೋರಾಗಿ ಕೂಗಿದ. ಆಮೇಲೆ ತಿಳಿಯಿತು, ಕೂಗಿದ್ದು "ಚೆನ್ನಾಗಿದೆ ಹಿಮ" ಎಂದು. ಆಗ ಮಾತ್ರ ನಾನು ಬಂದ ದಾರಿಯಲ್ಲೇ ತಿರುಗಿ ಊರಿಗೆ ಇಳಿದೆ. ಹೆದರಿಕೆ ನಿಜವೇ ಆಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ.

ಗ್ರೆಚೆನ್ನಳ ಅಡುಗೆಮನೆಯಲ್ಲಿ ಕೂತು ಅರಣ್ಯ ಕಚೇರಿಗೆ ಕಾಗದ ಬರೆದೆ. ಮೊದಲು ಬರೆದದ್ದು "ಮುಷ್ಟಿ ಎತ್ತಿದ" ಎಂದು. ಓದಿ ನೋಡಿದರೆ ವಾಕ್ಯ ಸಪ್ಪೆ ಅನ್ನಿಸಿತು. ಮೂವತ್ತು ವರ್ಷದ ಕೈ ತಾನಾಗಿಯೇ ಓಡಿತು: "ಎತ್ತಿದ" ಹೊಡೆದುಹಾಕಿ "ಬೀಸಿದ" ಎಂದು ತಿದ್ದಿದೆ. ಬೆರಳುಗಳ ಮಾತು ತೆಗೆದೆ. ಅದು ಕಾಗದವನ್ನು ಉದ್ದ ಮಾಡುತ್ತದೆ ಅನ್ನಿಸಿತು. ಕಡೆಗೆ ಉಳಿದದ್ದು ಇಷ್ಟು: ಕಿತ್ತಳೆ ಸ್ಲೆಡ್ಡಿನವನೊಬ್ಬ ವೇಗ ತಗ್ಗಿಸಿ, ನನ್ನ ಕಡೆ ತಿರುಗಿ, ಕೂಗುತ್ತ ಮುಷ್ಟಿ ಬೀಸಿದ, ನಾನು ಒಂಟಿ ಹೆಂಗಸು, ಆ ರಸ್ತೆಯಲ್ಲಿ ಇನ್ನು ಮುಂದೆ ಹೇಗೆ ಹೋಗಲಿ. ಇಲಿ ಬಂತೆಂದರೆ ಹುಲಿ ಬಂತೆಂದರು ಎನ್ನುವ ಗಾದೆ ಕೇಳಿದ್ದೆ. ನಾನು ಇಲಿಯನ್ನು ಕಾಗದದ ಮೇಲೆ ಹುಲಿ ಮಾಡಿದೆ. ಗ್ರೆಚೆನ್ ಓದಿ ನನ್ನ ಭುಜ ತಟ್ಟಿದಳು.

ಮಾರ್ಚ್ ಮೊದಲ ವಾರ ಶಾಲೆಯ ಆಟದ ಹಾಲಿನಲ್ಲಿ ಕೊನೆಯ ಸಭೆ. ಇಡೀ ಊರು ಸೇರಿತ್ತು. ಅರಣ್ಯ ಕಚೇರಿಯ ತೆರೇಸಾ ಕ್ವಿಂಟಾನಾ ಬಂದ ಕಾಗದಗಳನ್ನು ಒಂದೊಂದಾಗಿ ಓದುತ್ತಿದ್ದಳು. ಬರೆದವರ ಹೆಸರು ಓದುತ್ತಿರಲಿಲ್ಲ. ನನ್ನದು ಬಂತು. ಕಿತ್ತಳೆ ಸ್ಲೆಡ್ಡು ಎಂದ ತಕ್ಷಣ ತಲೆಗಳೆಲ್ಲ ಒಂದೇ ಕಡೆ ತಿರುಗಿದವು. ಮೂರನೆಯ ಸಾಲಿನಲ್ಲಿ ವರ್ಲ್ ಕೂತಿದ್ದ, ಪಕ್ಕದಲ್ಲಿ ನೆಡ್ರಾ. ಆರ್ವಿಲ್ ಎದ್ದು ನಿಂತ. ಮುಷ್ಟಿ ಅಂದರೆ ಬೈಗುಳ ಅಲ್ಲ, ಅದು ನಮ್ಮ ಲೆಕ್ಕ ಎಂದು ಬೆರಳು ಮಡಚಿ ಮಡಚಿ ವಿವರಿಸಿದ. ಎರಡು, ಒಂದು, ಮುಷ್ಟಿ. ಮುಂದೆ ಹೋದ ಇಬ್ಬರಲ್ಲಿ ಒಬ್ಬ ತಾನೇ ಎಂದೂ ಹೇಳಿದ.

ನನಗೆ ಆ ಕ್ಷಣವೇ ಎಲ್ಲ ತಿಳಿಯಿತು. ಇದನ್ನು ಸುತ್ತಿಬಳಸಿ ಹೇಳುವುದಿಲ್ಲ. ಆರ್ವಿಲನ ಕೈಯಲ್ಲಿ ಬೆರಳು ಮಡಚುತ್ತಿದ್ದ ಹಾಗೇ ಆ ಬೆಳಗು ನನ್ನ ಕಣ್ಣೆದುರು ಬಂತು. ಇಬ್ಬರು, ಒಬ್ಬರು, ಯಾರೂ ಇಲ್ಲ. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ನೆಲ ಸುಮ್ಮನೆ ಇತ್ತು. ತೆರೇಸಾ ಕಾಗದ ಕೆಳಗಿಟ್ಟು, ಇದನ್ನು ಬರೆದವರು ಇಲ್ಲಿದ್ದರೆ, ಅದು ಎಣಿಕೆಯ ಸನ್ನೆ ಆಗಿರಬಹುದೇ ಎಂದು ಹೇಳಬಹುದು, ಬಲವಂತವಿಲ್ಲ ಎಂದಳು. ಗ್ರೆಚೆನ್ ನನ್ನ ಮೊಣಕೈ ಮುಟ್ಟಿದಳು. ಅವಳ ಹಿಂದೆ ನಮ್ಮ ಗುಂಪಿನ ಹದಿನಾಲ್ಕು ಜನ. ನಾನು ಎದ್ದೆ. ಒಂದು ಪದ ತಿದ್ದಿದ್ದರೆ ಸಾಕಿತ್ತು, ಅದು ನನ್ನ ಕಸುಬೂ ಆಗಿತ್ತು.

"ಎತ್ತಿದ್ದಲ್ಲ, ಬೀಸಿದ್ದು," ಎಂದೆ. "ನಾನು ನೋಡಿದ್ದು ನಂಗೆ ಗೊತ್ತು."

ಹಾಲಿನಲ್ಲಿ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಅರವತ್ತು ದಿನ ಎಲ್ಲರ ತಲೆಯಲ್ಲೂ ಓಡಾಡಿದ್ದು ಬರಿಗಣ್ಣಿಗೆ ಕಾಣುತ್ತಿತ್ತು. ಆಗ ನೆಡ್ರಾ ಗಂಡನ ಕಡೆ ತಿರುಗಿದಳು. ಅವನಿಗೆ ಕಿವಿ ಮಂದವಾದ್ದರಿಂದ ಅವಳಿಗೆ ಮೆಲ್ಲಗೆ ಕೇಳುವ ಹಾಗಿರಲಿಲ್ಲ.

"ವರ್ಲ್, ಕೈ ಎತ್ತಿದ್ಯಾ?"

"ಲೆಕ್ಕ ತೋರಿಸ್ದೆ ನೆಡ್ರಾ, ಅಷ್ಟೇ," ಎಂದ.

ಅವಳು ಅವನನ್ನು ನೋಡಿದಳು, ಆಮೇಲೆ ಇನ್ನೂ ನಿಂತೇ ಇದ್ದ ನನ್ನನ್ನು ನೋಡಿದಳು. ಪಕ್ಕದ ಕುರ್ಚಿಯಲ್ಲಿದ್ದ ಕೈಚೀಲ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದಳು. ವರ್ಲ್ ಎದ್ದು, ತನ್ನಿಂದ ಯಾರಿಗಾದರೂ ಹೆದರಿಕೆ ಆಗಿದ್ದರೆ ತಪ್ಪು ತನ್ನದೇ, ಮೇಜಿನಲ್ಲಿ ತನ್ನ ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳಿ ಎಂದು ಹೇಳಿ ಹೆಂಡತಿಯ ತೋಳು ಹಿಡಿದು ಹೊರಟುಹೋದ. ಅವನಿಲ್ಲದ ಮೇಜಿನಲ್ಲಿ ಒಪ್ಪಂದ ಒಂದು ವಾರವೂ ಬಾಳಲಿಲ್ಲ. ಒಮ್ಮತವಿಲ್ಲದೆ ಹೋದದ್ದರಿಂದ, ಬಂದ ದೂರುಗಳನ್ನು ಮುಂದಿಟ್ಟುಕೊಂಡು ಕಚೇರಿಯವರೇ ಗೆರೆ ಎಳೆದರು. ಸಾರೆಲ್ ರಸ್ತೆ ಮೂರನೆಯ ಮೈಲಿಯಿಂದ ಮೇಲಕ್ಕೆ ಮೋಟಾರಿಗೆ ಬಂದ್.

ಆ ವಸಂತದಲ್ಲಿ ನಾನು ಒಂದು ಕಾಗದ ಬರೆದೆ, ನಡೆದದ್ದನ್ನು ನಡೆದ ಹಾಗೆ. ನಾಲ್ಕು ಸಲ ತಿದ್ದಿದೆ. ಅಲ್ಪವಿರಾಮ ಎಲ್ಲಿ ಬರಬೇಕೆಂದು ಎರಡು ದಿನ ಯೋಚಿಸಿದೆ. ಅಂಚೆಗೆ ಹಾಕಲಿಲ್ಲ. ಗ್ರೆಚೆನ್ನಳಿಗೆ ಹೇಳಿದಾಗ ಅವಳು ನನ್ನ ಬಾಯಿ ನೋಡುತ್ತ, "ನಿಂಗೆ ಹೆದರಿಕೆ ಆಗಿದ್ದಂತೂ ನಿಜ ತಾನೇ? ಮತ್ತೆ ಸುಳ್ಳು ಎಲ್ಲಿ ಬಂತು?" ಎಂದಳು. ಆ ಮಾತನ್ನು ಆರು ವರ್ಷ ಕಂಬಳಿ ಹೊದ್ದ ಹಾಗೆ ಹೊದ್ದುಕೊಂಡೆ.

ರಸ್ತೆ ನಮ್ಮದಾಯಿತು. ಮಂಚದ ಸ್ಪ್ರಿಂಗು ಎಳೆಯುವವರಿಲ್ಲದೆ ಮೊದಲ ಚಳಿಗಾಲದಲ್ಲೇ ಅದು ತಗ್ಗುದಿಣ್ಣೆಯಾಯಿತು. ನಮ್ಮ ಗುಂಪಿನ ಅರ್ಧ ಜನ ಐದನೆಯ ಮೈಲಿ ದಾಟಲಾರದೆ ವಾಪಸು ಬರುತ್ತಿದ್ದರು. ಯಾರು ಸಮ ಮಾಡುತ್ತಿದ್ದರೋ ಅವರು ಈಗ ಯಾಕೆ ಮಾಡುತ್ತಿಲ್ಲ ಎಂದು ಗ್ರೆಚೆನ್ ಕಚೇರಿಗೆ ದೂರು ಬರೆದಳು. ನಾನು ಒಂದು ಸಲ ಹಟ ಮಾಡಿ ಏಳು ಮೈಲಿ ಹೋಗಿ ಬುಗ್ಗೆಯಲ್ಲಿ ಕೂತೆ. ಸುತ್ತ ಒಂದು ಸದ್ದಿಲ್ಲ. ನಾನು ಬಯಸಿ ಬಂದ ನಿಶ್ಶಬ್ದ ಅದೇ. ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಲಾಗಲಿಲ್ಲ. ಒದ್ದೆ ಮೈಯಲ್ಲೇ ಬಟ್ಟೆ ಹಾಕಿಕೊಂಡು ಇಳಿದುಬಂದೆ.

ವರ್ಲ್ ನನ್ನನ್ನು ಕಂಡರೆ ಟೋಪಿ ಮುಟ್ಟಿ ನಮಸ್ಕಾರ ಹೇಳುತ್ತಿದ್ದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನು ಅವನನ್ನು ಕಂಡರೆ ರಸ್ತೆ ದಾಟುತ್ತಿದ್ದೆ. ಅವನು ನೆಡ್ರಾಳಿಗಾಗಿ ಮನೆಯ ಹಿಂದೆ ಒಂದು ದೊಡ್ಡ ತೊಟ್ಟಿ ಇಟ್ಟು, ಸೌದೆ ಉರಿಸಿ ನೀರು ಕಾಯಿಸಿಕೊಡುತ್ತಾನೆ ಎಂದು ಕೇಳಿದೆ. ಅವಳಿಗೆ ಮರೆವು ಶುರುವಾಗಿದೆ ಎಂದೂ ಕೇಳಿದೆ. ಮೊದಲು ಪುಸ್ತಕಗಳ ಹೆಸರು ಹೋಯಿತಂತೆ, ಆಮೇಲೆ ಹೆತ್ತ ಮಕ್ಕಳ ಹೆಸರು.

ಹೋದ ವರ್ಷ ನವೆಂಬರಿನಲ್ಲಿ ದಿನಸಿ ಅಂಗಡಿಯಲ್ಲಿ ಬ್ರೆಡ್ಡಿನ ಸಾಲಿನ ಮುಂದೆ ನಿಂತಿದ್ದೆ. ಯಾರೋ ತೋಳು ಹಿಡಿದರು. ನೆಡ್ರಾ. ವರ್ಲ್ ಅಂಗಡಿಯ ಆ ತುದಿಯಲ್ಲಿ ಮಾಂಸ ಕಟ್ಟಿಸುತ್ತಿದ್ದ. ಅವಳಿಗೆ ನನ್ನ ಗುರುತು ಇರಲಿಲ್ಲ. ಮುಖದ ತುಂಬ ಕಕ್ಕುಲಾತಿ ಇತ್ತು.

"ಒಬ್ಳೇ ಇರ್ತೀಯೇನಮ್ಮ? ಉಂಗುರ ಕಾಣಿಸ್ತಿಲ್ಲ, ಅದಕ್ಕೆ ಕೇಳ್ದೆ," ಎಂದಳು. ಹೌದು ಎಂದೆ. ಅವಳು ಆ ತುದಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. "ತೊರೆ ರಸ್ತೆ ಕಡೆ ಒಬ್ಳೇ ಹೋಗ್ಬೇಡ. ನನ್ನ ಗಂಡ ಅಲ್ಲಿ ಒಬ್ಳು ಹೆಂಗಸಿನ ಮೇಲೆ ಕೈ ಎತ್ತಿದ. ಒಳ್ಳೆಯವನೇ. ಮಾತು ಕೊಟ್ಟಿದ್ದ ನಂಗೆ. ಆದ್ರೂ ಎತ್ತಿದ."

ನನ್ನ ಬುಟ್ಟಿ ಅಲ್ಲೇ ನೆಲದ ಮೇಲೆ ಬಿಟ್ಟು ಹೊರಗೆ ಬಂದೆ. ಮಕ್ಕಳ ಹೆಸರು ಹೋಗಿದೆ, ಶಾಲೆ ಹೋಗಿದೆ, ನಾನು ತಿದ್ದಿದ ಪದ ಮಾತ್ರ ಅವಳ ತಲೆಯಲ್ಲಿ ಕೂತಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋಗಲಿಲ್ಲ ನೋಡಿ. ಅಲ್ಲೇ ಇತ್ತು.

ಆ ವಾರವೇ ಊರಿನ ಪತ್ರಿಕೆಗೆ ನನ್ನ ಹೆಸರು ಹಾಕಿ ಬರೆದುಕೊಟ್ಟೆ, ಈ ಸಲ ಒಂದೇ ಕರಡು. ನಾನು ನೋಡಿದ್ದು ಎಣಿಕೆಯ ಸನ್ನೆ. ಬೀಸಿದ ಎಂಬುದು ನಾನು ಸೇರಿಸಿದ ಪದ. ಸಭೆಯಲ್ಲಿ ಗೊತ್ತಿದ್ದೂ ಸುಳ್ಳು ಹೇಳಿದೆ. ಅರಣ್ಯ ಕಚೇರಿಗೂ ಕಳಿಸಿದೆ. ತೆರೇಸಾ ಮರ್ಯಾದೆಯಿಂದಲೇ ಉತ್ತರ ಬರೆದಳು: ಮುಂದಿನ ಸಲ ನಕ್ಷೆ ಪರಿಶೀಲಿಸುವಾಗ ಇದನ್ನು ನೋಡುತ್ತೇವೆ, ಅದಕ್ಕೆ ಇನ್ನೂ ನಾಲ್ಕು ವರ್ಷವಿದೆ. ಗ್ರೆಚೆನ್ ಕಾಫಿಗೆ ಕರೆಯುವುದು ಬಿಟ್ಟಳು. ಆರ್ವಿಲ್ ಪೆಟ್ರೋಲ್ ಬಂಕಿನಲ್ಲಿ ನನ್ನನ್ನು ಕಂಡು, "ಕೆಟ್ಟ ಮೇಲೆ ಬುದ್ಧಿ ಬಂತಾ," ಎಂದಷ್ಟೇ ಕೇಳಿ ಮುಖ ತಿರುಗಿಸಿದ. ಅದಕ್ಕಿಂತ ಹೆಚ್ಚಿಗೆ ಅಂದಿದ್ದರೂ ನಾನು ಕೇಳಿಸಿಕೊಳ್ಳಬೇಕಾದವಳೇ.

ಪತ್ರಿಕೆ ಬಂದ ದಿನ ಗುರುವಾರ. ಅದನ್ನು ಹಿಡಿದು ಹ್ಯಾಡ್ಲಾಕರ ಮನೆ ಬಾಗಿಲು ತಟ್ಟಿದೆ. ವರ್ಲ್ ತೆರೆದ. ಅವನೂ ಓದಿದ್ದ, ಮೇಜಿನ ಮೇಲೆ ಅದೇ ಪುಟ ಇತ್ತು. ಒಳಗೆ ಬನ್ನಿ ಎಂದ. ಅವರದು ಕಾಫಿ ಮುಟ್ಟದ ಮನೆ. ಹಾಲಿಗೆ ಚಾಕೊಲೇಟ್ ಪುಡಿ ಹಾಕಿ ಕಾಯಿಸಲು ಇಟ್ಟ. ಕಿಟಕಿಯ ಪಕ್ಕ ಕೂತಿದ್ದ ನೆಡ್ರಾಳ ಎದುರು ಕೂತು ನಾನು ಎಲ್ಲ ಹೇಳಿದೆ. ಆ ಹೆಂಗಸು ನಾನೇ ಎಂದೆ. ನಿಮ್ಮ ಗಂಡ ನನ್ನ ಮೇಲೆ ಕೈ ಎತ್ತಲಿಲ್ಲ, ದಾರಿ ಖಾಲಿ ಇದೆ ಹೋಗಿ ಎಂದು ತೋರಿಸಿದರು, ನಾನು ಸುಳ್ಳು ಹೇಳಿದೆ ಎಂದೆ. ಕಡೆಯ ತನಕ ನಿಲ್ಲಿಸಲಿಲ್ಲ.

ನೆಡ್ರಾ ಕೇಳುತ್ತ ಕೇಳುತ್ತ ನೆಟ್ಟಗೆ ಕೂತಳು. ಕೈ ಚಾಚಿ ಗಂಡನ ತೋಳು ಹಿಡಿದಳು. "ಎತ್ತಲಿಲ್ವಂತೆ," ಎಂದಳು ಅವನಿಗೇ, ಅವನಿಗೆ ಹೊಸ ಸುದ್ದಿ ಕೊಡುವ ಹಾಗೆ. "ಹೂಂ ನೆಡ್ರಾ," ಎಂದ. ಅವಳು ಆ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ನಾನು ಆರು ವರ್ಷದಲ್ಲಿ ಮೊದಲ ಸಲ ಸರಿಯಾಗಿ ಉಸಿರಾಡಿದೆ.

ವರ್ಲ್ ಲೋಟ ತರಲು ಅಡುಗೆಮನೆಗೆ ಹೋದ. ನೆಡ್ರಾ ಸ್ವಲ್ಪ ಹೊತ್ತು ಹೊರಗೆ ಹಿಮ ನೋಡಿದಳು. ಆಮೇಲೆ ನನ್ನ ಕಡೆ ಬಗ್ಗಿ, ಅವನಿಗೆ ಕೇಳದ ಹಾಗೆ, ಒಬ್ಬಳೇ ಇರುತ್ತೀಯೇನಮ್ಮ, ತೊರೆ ರಸ್ತೆ ಕಡೆ ಹೋಗಬೇಡ ಎಂದಳು. ನನ್ನ ಗಂಡ ಅಲ್ಲಿ ಒಬ್ಬಳು ಹೆಂಗಸಿನ ಮೇಲೆ ಕೈ ಎತ್ತಿದ ಎಂದಳು.

ಬಾಗಿಲ ತನಕ ವರ್ಲ್ ಬಂದ. ಅವನು ಸಿಟ್ಟಿನಲ್ಲಿ ಇರಲಿಲ್ಲ; ಅವನ ಮಟ್ಟಿಗೆ ಮೆಲ್ಲಗೇ ಹೇಳಿದ.

"ಆವತ್ತೇ ಹೇಳಿದ್ದಿದ್ರೆ ಅವಳಿಗೆ ನೆನಪಲ್ಲಿ ಉಳೀತಿತ್ತು ರೋವೆನಾ. ಆವಾಗ ಇನ್ನೂ ಉಳೀತಿತ್ತು."

ಮುಂದಿನ ಗುರುವಾರ ಮತ್ತೆ ಬರಲೇ ಎಂದೆ. ನಿಮ್ಮ ಇಷ್ಟ ಎಂದ. ಆವತ್ತಿನಿಂದ ಒಂದು ಗುರುವಾರವೂ ತಪ್ಪಿಸಿಲ್ಲ. ಹೋಗಿ ನೆಡ್ರಾಳ ಎದುರು ಕೂತು ಮೊದಲಿನಿಂದ ಹೇಳುತ್ತೇನೆ. ಅವಳು ಪ್ರತಿ ಸಲ ಹೊಸದಾಗಿ ಕೇಳುತ್ತಾಳೆ, ಹೊಸದಾಗಿ ಗಂಡನ ತೋಳು ಹಿಡಿಯುತ್ತಾಳೆ. ಹತ್ತು ನಿಮಿಷ, ಕೆಲವು ದಿನ ಕಾಲು ಗಂಟೆ, ವರ್ಲ್ ಕೊಟ್ಟ ಮಾತು ಉಳಿಸಿಕೊಂಡ ಗಂಡಸಾಗಿ ಆ ಮನೆಯಲ್ಲಿ ಕೂತಿರುತ್ತಾನೆ. ಆ ಹತ್ತು ನಿಮಿಷದಲ್ಲಿ ಅವನ ಮುಖ ನೋಡಲು ನನಗೆ ಇನ್ನೂ ಆಗುವುದಿಲ್ಲ.

ಮೊನ್ನೆ ಗುರುವಾರವೂ ಹೇಳಿ ಮುಗಿಸಿದೆ. ನೆಡ್ರಾ ಸಮಾಧಾನದಿಂದ ತಲೆಯಾಡಿಸಿ, ಹಾಗಾದರೆ ಆ ಸುಳ್ಳು ಹೇಳಿದ ಹೆಂಗಸು ಯಾರು ಎಂದು ಕೇಳಿದಳು. ನಾನೇ ಎಂದೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೈ ಮೇಲೆ ಕೈ ಇಟ್ಟಳು.

"ನೀನಲ್ಲ ಬಿಡು," ಎಂದಳು. "ನೀನು ವಾರ ವಾರ ಬರೋಳು. ನೀನು ಒಳ್ಳೆಯವಳು."